ತೊಳೆದು ಮೆತ್ತಗಾದ ಬಟ್ಟೆ

"ಅದು ಉಗುರಲ್ಲಿ ಬರಲ್ಲ ಕಣೆ, ಪಿನ್ನು ಹಾಕಿ ಕೆರಿ," ಎಂದ ಪ್ರಮೋದ್.

ಇಂದ್ರಾಣಿ ತಲೆಯಿಂದ ಒಂದು ಹೇರ್‌ಪಿನ್ನು ಕಿತ್ತು, ಮಂಚದ ಹಲಗೆಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ತೂರಿಸಿ ಎಳೆದಳು. ಕಪ್ಪನೆಯ ಮುದ್ದೆಯೊಂದು ಎದ್ದು ಬಂತು. ಅದರಲ್ಲಿ ಏನೇನು ಸೇರಿದೆ ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು ವರ್ಷದ ಪೌಡರು, ಕೊಬ್ಬರಿ ಎಣ್ಣೆ, ತುಟಿಯಿಂದ ಜಾರಿದ ರಾಗಿ ಗಂಜಿ, ಉದುರಿದ ಬಿಳಿ ಕೂದಲು, ತಿಗಣೆಯ ಸಿಪ್ಪೆ, ಮತ್ತು ಎಷ್ಟು ಒರೆಸಿದರೂ ಸಂದಿಗೆ ಇಳಿದುಹೋಗುತ್ತಿದ್ದ ಉಚ್ಚೆ. ಅದನ್ನು ಹಳೆಯ ಪೇಪರಿನ ಮೇಲೆ ಒರೆಸಿ ಮತ್ತೆ ಪಿನ್ನು ತೂರಿಸಿದಳು.

ಪ್ರಮೋದ್ ಮಂಚದ ಇನ್ನೊಂದು ತುದಿಯಲ್ಲಿ ಮಣೆಯ ಮೇಲೆ ಕುಳಿತಿದ್ದ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ, ಮೂಗಿಗೆ ಒಂದರ ಮೇಲೊಂದು ಎರಡು ಮಾಸ್ಕು. ಆಪರೇಷನ್ನಿಗೆ ಹೊರಟ ಡಾಕ್ಟರರೂ ಇಷ್ಟು ಸಿದ್ಧವಾಗಿ ಬರುವುದಿಲ್ಲ. ಕಾಲಿನ ಕಡೆಯ ಹಲಗೆಯ ಮೇಲೆ ಒಂದು ಮಗ್ಗು ಕುದಿಯುವ ವಾಷಿಂಗ್ ಸೋಡಾ ನೀರು ಸುರಿದು, ಒಡೆದ ಗಾಜಿನ ಚೂರಿನಿಂದ ಹಳೆಯ ಚಾಕೊಲೇಟು ಬಣ್ಣದ ಪೇಂಟನ್ನು ಹೆರೆಯತೊಡಗಿದ. ಪೇಂಟು ಸುರುಳಿ ಸುರುಳಿಯಾಗಿ ಏಳುತ್ತಿದ್ದಂತೆ ಅಡಿಯ ಮರ ಒದ್ದೆಯಾಗಿ ಒಂದು ವಾಸನೆ ಪೋರ್ಟಿಕೋ ತುಂಬ ಹರಡಿತು.

ಪ್ರಮೋದ್ ಮಾಸ್ಕುಗಳನ್ನು ಗದ್ದಕ್ಕೆ ಇಳಿಸಿ ಜೋರಾಗಿ ಮೂಗೆಳೆದ. "ಆಹಾ! ಹಳೇ ತೇಗ ಕಣೆ. ನೂರು ವರ್ಷ ಆದ್ರೂ ಆ ಘಮ ಬಿಟ್ಟುಕೊಡಲ್ಲ ನೋಡು."

ಇಂದ್ರಾಣಿ ಗಂಡನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಆ ವಾಸನೆ ಯಾವುದೆಂದು ನಿಜವಾಗಿಯೂ ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಾಲ್ಕು ವರ್ಷ ಅವನು ಹಿಂದಿನ ರೂಮಿನ ಹೊಸಿಲಿನಾಚೆಯೇ ನಿಂತು, ಕರ್ಚೀಫು ಮೂಗಿಗೆ ಹಿಡಿದು, "ಏನಮ್ಮಾ, ಊಟ ಆಯ್ತಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಪೇಪರ್ ಓದಲು ಹಾಲಿಗೆ ಹೋಗುತ್ತಿದ್ದ ಮಗ. ಈಗ ಅದೇ ವಾಸನೆಯನ್ನು ಕಣ್ಣು ಮುಚ್ಚಿ ಒಳಗೆ ಎಳೆದುಕೊಳ್ಳುತ್ತಿದ್ದಾನೆ. ಇಂದ್ರಾಣಿಗೆ ನಗು ಬರಲಿಲ್ಲ, ಹೇಸಿಗೆಯಾಯಿತು.

ಮಂಚ ಅವನ ತಾಯಿ ಗೋವಿಂದಮ್ಮನದು. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಆಮೇಲೆ ಮಾವ ದಾಸಪ್ಪನವರು ಅದು ಹಳತಾಯಿತೆಂದು ಗೇಟಿಗೆಂದು ತಂದು ಮಿಕ್ಕಿದ್ದ ಪೇಂಟನ್ನೇ ಅದಕ್ಕೂ ಬಳಿದಿದ್ದರು. ಉಳಿತಾಯ ಆ ಮನೆಯ ರಕ್ತದಲ್ಲೇ ಇತ್ತು. ಗೋವಿಂದಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದು ಅದರ ಮೇಲೆಯೇ, ನಾಲ್ಕು ವರ್ಷದ ನಂತರ ಜನವರಿಯಲ್ಲಿ ಪ್ರಾಣ ಬಿಟ್ಟಿದ್ದೂ ಅದರ ಮೇಲೆಯೇ. ತಿಥಿಯ ದಿನ ಹಾಸಿಗೆ ದಿಂಬು ಕೊಟ್ಟು ಕಳಿಸಿದರು. ಮಂಚವನ್ನೂ ಕೊಡಬೇಕೆಂದು ಹಿರಿಯರು ಹೇಳಿದರು. "ತೇಗದ್ದು, ಸುಮ್ನೆ ಹೆಂಗೆ ಕೊಡೋದು?" ಎಂದು ಪ್ರಮೋದ್ ಅದನ್ನು ರೂಮಿನ ಗೋಡೆಗೆ ಒರಗಿಸಿ ನಿಲ್ಲಿಸಿದ.

ಆ ರೂಮು ಇಂದ್ರಾಣಿಗೆ ಬೇಕಾಗಿತ್ತು. ಅತ್ತೆ ಬೀಳುವ ಮೊದಲು ಅವಳು ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಹನ್ನೊಂದು ವರ್ಷ ಹೇಳಿಕೊಟ್ಟಿದ್ದಳು, ಚೆನ್ನಾಗಿ ಹೇಳಿಕೊಡುತ್ತಿದ್ದಳು. ಬಿಟ್ಟ ಮೇಲೆ ಅಲ್ಲಿ ಬೇರೆಯವರು ಬಂದರು. ಈಗ ಚಿಕ್ಕಲಸಂದ್ರದ ತನ್ನ ಮನೆಯಲ್ಲೇ ಶುರುಮಾಡುವುದೆಂದು ನಿರ್ಧರಿಸಿ, ಬೀದಿಯ ಏಳು ಮಕ್ಕಳ ಅಪ್ಪ ಅಮ್ಮಂದಿರನ್ನು ಒಪ್ಪಿಸಿದ್ದಳು. ಜೂನ್ ಮೊದಲ ಸೋಮವಾರ ಸಂಜೆ ಐದಕ್ಕೆ ಕ್ಲಾಸು. ಹಿಂದಿನ ರೂಮಿಗೆ ಓಣಿಯಿಂದಲೇ ಬೇರೆ ಬಾಗಿಲಿತ್ತು, ಮಕ್ಕಳು ಬಂದು ಹೋಗಲು ಹೇಳಿ ಮಾಡಿಸಿದಂತಿತ್ತು. ಮುಂದಿನ ಹಾಲಿನಲ್ಲಿ ಸೋಫಾ, ಟಿ.ವಿ., ಪ್ರಮೋದನ ಸ್ಕೂಟರು, ಇಷ್ಟಕ್ಕೇ ಕಾಲಿಡಲು ಜಾಗವಿರಲಿಲ್ಲ.

ಅದಕ್ಕೆ ಪ್ರಮೋದ್ ಒಂದು ಉಪಾಯ ಹೇಳಿದ್ದ. "ಪಾಲಿಶ್ ಮಾಡಿ ಮಾರಿಬಿಡೋಣ. ಹಳೇ ಮರ ಅಂದ್ರೆ ಜನ ಬಿದ್ದು ಸಾಯ್ತಾರೆ ಈಗ. ಬಂದ ದುಡ್ಡಲ್ಲಿ ನಿಂಗೆ ಬೆಂಚು, ಬೋರ್ಡು ಎಲ್ಲಾ ಬರುತ್ತೆ." ಪಾಲಿಶ್ ಕೆಲಸದವನು ಹೇಳಿದ ಕೂಲಿ ಕೇಳಿ ಬಿದ್ದು ಬಿದ್ದು ನಕ್ಕು, ಫೋನಿನಲ್ಲಿ ಇಪ್ಪತ್ತು ವಿಡಿಯೋ ನೋಡಿ, ತಾನೇ ಮಾಡುತ್ತೇನೆಂದು ಇಳಿದಿದ್ದ. ಬಜೆಟ್ಟು ಎಂಬ ಮಾತನ್ನು ಅವನು ದೇವರ ಹೆಸರಿನಂತೆ ಬಾಯಿ ತುಂಬ ಹೇಳುತ್ತಿದ್ದ. ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವುವ ಕೈಗೆ ಉಳಿದ ಹೊತ್ತಿನಲ್ಲಿ ಕೆಲಸ ಸಿಕ್ಕಿತಲ್ಲ ಎಂದು ಇಂದ್ರಾಣಿಯೂ ಒಪ್ಪಿದ್ದಳು. ರೂಮು ಖಾಲಿಯಾಗುವುದಾದರೆ ಪಿನ್ನು ಹಾಕಿ ಕೆರೆಯಲೂ ಸಿದ್ಧವಿದ್ದಳು.

ಮೂರು ಭಾನುವಾರ ಹೆರೆದರು. ಅವನು ಎದೆಯ ಮಟ್ಟದಲ್ಲಿ ಕಾಣುವ ಭಾಗಗಳನ್ನು ಹೆರೆದ. ಅವಳು ಅಡಿಯಲ್ಲಿ ಮಲಗಿಕೊಂಡು ಕಾಣದ ಭಾಗಗಳನ್ನು ಹೆರೆದಳು. ತಲೆಯ ಕಡೆಯ ಹಲಗೆಯಲ್ಲಿ ಪೇಂಟಿನಡಿ ಹೂತುಹೋಗಿದ್ದ ಎರಡು ಕೆತ್ತನೆಯ ಗಿಳಿಗಳು ಎದ್ದುಬಂದಾಗ ಪ್ರಮೋದ್ ಅಕ್ಷರಶಃ ಕುಣಿದಾಡಿದ. ಅಂದಿನಿಂದ ಅವನ ಮಾತಿನ ಧಾಟಿ ಬದಲಾಯಿತು. ಅದುವರೆಗೆ 'ಈ ಮಂಚ' ಎನ್ನುತ್ತಿದ್ದವನು 'ಅಮ್ಮನ ಮಂಚ' ಎನ್ನತೊಡಗಿದ. ಉಜ್ಜುಕಾಗದವನ್ನು ಬೆರಳಿಗೆ ಸುತ್ತಿಕೊಂಡು ಗಿಳಿಯ ಕೊಕ್ಕನ್ನು ಎಷ್ಟು ನಯವಾಗಿ ತೀಡುತ್ತಿದ್ದನೆಂದರೆ, ಜಿಡ್ಡು ತೆಗೆಯುತ್ತಿದ್ದ ಇಂದ್ರಾಣಿಗೆ ಆ ಕೈಯನ್ನು ನೋಡಲಾಗುತ್ತಿರಲಿಲ್ಲ. ಅಮ್ಮನ ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚು ಎಂದಾಗ, "ನಂಗೆ ಅದೆಲ್ಲ ಆಗಲ್ಲ ಕಣೆ, ತಲೆ ಸುತ್ತುತ್ತೆ," ಎಂದು ಹಿಂದಕ್ಕೆ ಸರಿದಿದ್ದ ಕೈ ಅದು.

ಪಾಲಿಶಿಗೆ ಬೇಕಾದ ಅರಗಿನ ಚಕ್ಕೆ, ಅದನ್ನು ಕರಗಿಸುವ ಸ್ಪಿರಿಟ್ಟು ತರಲು ಹಾರ್ಡ್‌ವೇರ್ ಅಂಗಡಿಗೆ ಹೋದಾಗ ಇಬ್ಬರೂ ಜೊತೆಗೆ ಹೋಗಿದ್ದರು. ಅಲ್ಲಿ ಮೊಳೆ ತೂಗುತ್ತ ಕೂರುವ ಹನುಮಯ್ಯ ಒಂದು ಕಾಲದಲ್ಲಿ ಜಯನಗರದ ದೊಡ್ಡ ದೊಡ್ಡ ಮನೆಗಳಿಗೆ ಪಾಲಿಶ್ ಮಾಡಿದವನು. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಸೇರಿದ್ದ. ಪ್ರಮೋದ್ ಅಲ್ಲಿ ತೂಗುಹಾಕಿದ್ದ ಹೊಸ ಬಟ್ಟೆಯ ಕಟ್ಟನ್ನು ಮುಟ್ಟಿದ್ದೇ ತಡ, ಹನುಮಯ್ಯ ತಲೆ ಅಲ್ಲಾಡಿಸಿದ.

"ಹೊಸಾ ಬಟ್ಟೆ ಬೇಡಿ ಸಾರ್. ಗಂಜಿ ಇರ್ತದೆ, ಗೀರು ಬೀಳ್ತದೆ. ಹಳೇ ಕಾಟನ್ ಬೇಕು. ಒಗ್ದೂ ಒಗ್ದೂ ಅದರಲ್ಲಿ ಏನೂ ಉಳಿದಿರ್ಬಾರ್ದು, ಹಂಗಿರ್ಬೇಕು. ಒಳಗೆ ಹತ್ತಿ ಉಂಡೆ ಇಟ್ಟು, ಮೇಲೆ ಆ ಬಟ್ಟೆ ಸುತ್ತಿ, ಅರಗು ಕುಡಿಸಿ, ಸುತ್ತಾಕ್ಕೊಂಡು ಸುತ್ತಾಕ್ಕೊಂಡು ಉಜ್ಜಿ. ಕೈ ನಿಲ್ಬಾರ್ದು. ನಿಂತ್ರೆ ಅಲ್ಲೇ ಕಲೆ."

"ಅಂಥ ಬಟ್ಟೆ ಎಲ್ಲಿ ಸಿಗುತ್ತೆ?"

"ಸಿಗಲ್ಲ ಸಾರ್, ಮನೇಲೇ ಇರ್ಬೇಕು. ಅಜ್ಜಿ ಸೀರೆ, ಪಂಚೆ ಗಿಂಚೆ ಇದ್ರೆ ನೋಡಿ."

ಪ್ರಮೋದನಿಗೆ ಖರ್ಚಿಲ್ಲದ ಸಲಹೆ ಎಂದರೆ ಪಂಚಪ್ರಾಣ. ಮನೆಗೆ ಬಂದವನೇ ಸ್ಟೂಲು ಹಾಕಿಕೊಂಡು ಅಟ್ಟ ಹತ್ತಿದ. ಇಂದ್ರಾಣಿ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿ ಹೊರಗೆ ಬರುವಷ್ಟರಲ್ಲಿ ಅವನ ತೊಡೆಯ ಮೇಲೆ ಒಂದು ಗಂಟು ಬಿಚ್ಚಿಕೊಂಡಿತ್ತು. ಬಿಳಿ, ತಿಳಿನೀಲಿ, ಮಾಸಿದ ಗುಲಾಬಿ ಬಣ್ಣದ ಹತ್ತಿಯ ತುಂಡುಗಳು, ಒಂದೇ ಅಳತೆ, ನಾಲ್ಕು ಮಡಿಕೆ.

"ಲೇ, ಅಮ್ಮನ ಸೀರೆ! ಎಷ್ಟು ಚೆನ್ನಾಗಿ ಕಟ್ ಮಾಡಿ ಇಟ್ಟಿದ್ದೀಯ. ಮುಟ್ಟಿ ನೋಡು, ಬೆಣ್ಣೆ ಕಣೆ ಬೆಣ್ಣೆ." ಅವನು ಒಂದನ್ನು ಬಿಡಿಸಿ ಮುಂಗೈ ಮೇಲೆ ಎಳೆದುಕೊಂಡ.

ಇಂದ್ರಾಣಿ ಸೌಟು ಹಿಡಿದುಕೊಂಡೇ ನಿಂತಳು.

ಆ ಬಟ್ಟೆಗಳನ್ನು ಅವಳು ಕತ್ತರಿಸಿದ್ದು ಅತ್ತೆ ಮಲಗಿದ ಎರಡನೆಯ ತಿಂಗಳಲ್ಲಿ. ಮೊದಲು ಅಂಗಡಿಯ ಡೈಪರುಗಳಿದ್ದವು. ಪ್ರಮೋದ್ ಒಂದು ತಿಂಗಳ ಬಿಲ್ಲು ನೋಡಿ, "ಇದೆಲ್ಲ ಕೆಮಿಕಲ್ಲು. ಚರ್ಮಕ್ಕೆ ಕಾಟನ್ನೇ ಒಳ್ಳೇದು ಅಂತ ಓದಿದೀನಿ," ಎಂದಿದ್ದ. ಅಂದಿನಿಂದ ಗೋವಿಂದಮ್ಮನ ಹಳೆಯ ಸೀರೆಗಳೆಲ್ಲ ಚೌಕ ಚೌಕವಾಗಿ ಅವರ ಕೆಳಗೇ ಹೋದವು. ದಿನಕ್ಕೆ ಎಂಟು, ಹೊಟ್ಟೆ ಕೆಟ್ಟರೆ ಹದಿನೈದು. ಮೊದಲು ಹಿತ್ತಿಲ ನಲ್ಲಿಯಲ್ಲಿ ಕಡ್ಡಿಯಿಂದ ತಳ್ಳಿ ತೊಳೆದು, ಆಮೇಲೆ ಸೋಪು, ಆಮೇಲೆ ಕುದಿಯುವ ನೀರು, ಆಮೇಲೆ ಟೆರೇಸಿನಲ್ಲಿ ಬಿಸಿಲು. ಅತ್ತೆ ಹೋದ ಮೇಲೆ ಅವುಗಳನ್ನು ಏನು ಮಾಡಬೇಕೆಂದೇ ಅವಳಿಗೆ ತೋಚಲಿಲ್ಲ. ಕಸದ ಗಾಡಿಗೆ ಹಾಕಿದರೆ ಹಸಿ ಕಸವೋ ಒಣ ಕಸವೋ ಎಂದು ಕೇಳುತ್ತಾರೆ, ಬಿಚ್ಚಿ ನೋಡುತ್ತಾರೆ. ಕೊನೆಯ ಸಲ ಒಗೆದು ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದಳು.

ಈಗಲೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆಗ ಮುದುಕಿಯ ಮುಖ ನೆನಪಾಯಿತು.

ಗೋವಿಂದಮ್ಮ ಒಳ್ಳೆಯ ಅತ್ತೆಯೇನೂ ಆಗಿರಲಿಲ್ಲ. ಇಪ್ಪತ್ತು ವರ್ಷ ಸೊಸೆಯ ಅಡುಗೆಗೆ, ಬಟ್ಟೆಗೆ, ನಡಿಗೆಗೆ ಕೊಂಕು ತೆಗೆದವರು. ಆದರೆ ಮಲಗಿದ ಮೇಲೆ ಅವರಿಗೆ ಉಳಿದಿದ್ದು ಒಂದೇ ಹೆದರಿಕೆ. ಜಯನಗರದಲ್ಲಿದ್ದ ಮಗಳು ವಾರಿಜಾ ಹಬ್ಬ ಹುಣ್ಣಿಮೆಗೆ ಆಪಲ್ ಹಣ್ಣು ಹಿಡಿದು ಬರುವ ಸುದ್ದಿ ಬಂದರೆ ಸಾಕು, ಬೆಳಗಿನಿಂದಲೇ ಒದ್ದಾಡುತ್ತಿದ್ದರು. "ಇಂದ್ರಿ, ಬಟ್ಟೆ ಎಲ್ಲಾ ತೆಗೆದು ಬಚ್ಚಿಡು ಕಣವ್ವ. ಊದುಬತ್ತಿ ಹಚ್ಚು. ಅವಳಿಗೆ ಗೊತ್ತಾಗೋದು ಬೇಡ." ಮಗಳು ಕುಳಿತಿರುವ ಎರಡು ತಾಸೂ ತುಟಿ ಕಚ್ಚಿ ತಡೆದುಕೊಂಡಿದ್ದು, ಅವಳ ಕಾರು ಹೊರಟ ಸದ್ದು ಕೇಳಿದ ಮೇಲೆ ಬಿಟ್ಟುಬಿಡುತ್ತಿದ್ದರು. ಇಂದ್ರಾಣಿ ಒರೆಸುತ್ತಿರುವಾಗ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಕೊನೆಯ ಚಳಿಗಾಲದಲ್ಲಿ ಒಂದು ದಿನ ಆ ಸೆರಗಿನೊಳಗಿಂದಲೇ, "ಇದನ್ನ ಯಾರ ಮುಂದೂ ಆಡ್ಬೇಡ ಕಣವ್ವ. ನನ್ನ ಮಕ್ಕಳ ಮುಂದಂತೂ ಆಡ್ಲೇಬೇಡ. ಸತ್ತ ಮೇಲೂ," ಎಂದಿದ್ದರು. "ಇಲ್ಲ ಅತ್ತೆ, ಆಡಲ್ಲ," ಎಂದು ಇಂದ್ರಾಣಿ ಮಾತು ಕೊಟ್ಟಿದ್ದಳು.

ತೆರೆದ ಬಾಯಿಯನ್ನು ಮುಚ್ಚಿಕೊಂಡು ಅವಳು ಅಡುಗೆಮನೆಗೆ ಹೋದಳು.

ಮುಂದಿನ ಹತ್ತು ದಿನ ಪ್ರಮೋದ್ ಕಚೇರಿಯಿಂದ ಬಂದವನೇ ಕಾಫಿ ಕುಡಿದು ಪಾಲಿಶಿಗೆ ಕೂರುತ್ತಿದ್ದ. ಹತ್ತಿಯ ಉಂಡೆಯ ಮೇಲೆ ತಾಯಿಯ ಬಟ್ಟೆ ಸುತ್ತಿ, ಕರಗಿಸಿದ ಅರಗಿನಲ್ಲಿ ಅದ್ದಿ, ಹನುಮಯ್ಯ ಹೇಳಿದಂತೆ ಕೈ ನಿಲ್ಲಿಸದೆ ಸುತ್ತು ಹಾಕುತ್ತಿದ್ದ. ಮರ ದಿನದಿನಕ್ಕೂ ಹೊಳೆಯತೊಡಗಿದ್ದು ನಿಜ. ಒಂದೊಂದು ಬಟ್ಟೆ ಗಟ್ಟಿಯಾದಾಗಲೂ ಅದನ್ನೆಸೆದು ಗಂಟಿನಿಂದ ಇನ್ನೊಂದು ತೆಗೆಯುತ್ತಿದ್ದ. ಬಾಯಿಗೆ ಬಂದ ಬೆವರನ್ನೂ ಅದರಲ್ಲೇ ಒರೆಸಿಕೊಳ್ಳುತ್ತಿದ್ದ. ಅದನ್ನು ನೋಡಿದ ದಿನ ಇಂದ್ರಾಣಿ ರಾತ್ರಿ ಊಟ ಬಿಟ್ಟಳು.

ಗೇಟಿನ ಮುಂದೆ ಹಾದುಹೋಗುವವರೆಲ್ಲ ನಿಂತು ಹೊಗಳತೊಡಗಿದರು. ಎದುರುಮನೆಯ ರಿಟೈರ್ಡ್ ಅಂಕಲ್, "ಈ ಕಾಲದಲ್ಲಿ ತಾಯಿ ಮಂಚಕ್ಕೆ ಇಷ್ಟು ಸೇವೆ ಮಾಡೋರು ಎಲ್ಲಿದಾರೆ ಪ್ರಮೋದ್? ಪುಣ್ಯಾತ್ಮ ನೀವು," ಎಂದರು. ಪ್ರಮೋದ್ ತಲೆ ತಗ್ಗಿಸಿಕೊಂಡು, "ನನ್ನ ಕೈಲಾದಷ್ಟು ಸಾರ್," ಎಂದ. ಒಳಗಿನ ಕಿಟಕಿಯಲ್ಲಿ ನಿಂತಿದ್ದ ಇಂದ್ರಾಣಿಗೆ ಮೈಯೆಲ್ಲ ಉರಿಯಿತು. ಇಬ್ಬರ ಮೇಲೂ ಬಕೆಟ್ಟು ನೀರು ಎರಚಬೇಕೆನ್ನಿಸಿತು.

ಮಂಚದ ಫೋಟೋವನ್ನು ಅವನೇ ಮೊದಲ ವಾರದಲ್ಲಿ ಫೋನಿನಲ್ಲಿ ಮಾರಾಟಕ್ಕೆ ಹಾಕಿದ್ದ, ಹೆಂಡತಿಯ ನಂಬರು ಕೊಟ್ಟು. ಜೆ.ಪಿ. ನಗರದಲ್ಲಿ ಹೋಮ್‌ಸ್ಟೇ ನಡೆಸುವ ಹಂಸಾ ಎಂಬ ಹುಡುಗಿ ಫೋನು ಮಾಡಿದಳು. ಹೊಸ ಫೋಟೋ ನೋಡಿ, "ಆಂಟಿ, ಸಖತ್ತಾಗಿದೆ. ಸೋಮವಾರ ಟೆಂಪೋ ತಂದು ಎತ್ಕೊಂಡು ಹೋಗ್ಲಾ?" ಎಂದು ಕೇಳಿದಳು. ಇಂದ್ರಾಣಿ ಓಡಿಬಂದು ಗಂಡನಿಗೆ ಹೇಳಿದಳು.

ಪ್ರಮೋದ್ ಕೈ ನಿಲ್ಲಿಸಲಿಲ್ಲ. "ಬೇಡ ಅಂತ ಹೇಳು. ಇದು ಮಾರೋದಲ್ಲ."

"ಮಾರೋದಲ್ಲ ಅಂದ್ರೆ?"

"ಅಮ್ಮನ ಮಂಚ ಕಣೆ. ಯಾವಳೋ ಹೋಮ್‌ಸ್ಟೇಗೆ ಹಾಕಿ, ಕಂಡ ಕಂಡೋರು ಬಂದು ಮಲಗೋಕಾ? ಹಿಂದಿನ ರೂಮಲ್ಲೇ ಇಡೋಣ. ಅಮ್ಮ ಇದ್ದ ಜಾಗದಲ್ಲೇ. ಮೇಲೊಂದು ಫೋಟೋ, ಒಂದು ದೀಪ. ಅಕ್ಕನಿಗೂ ಹೇಳಿದೀನಿ, ಭಾನುವಾರ ಫ್ರೇಮ್ ಹಾಕಿಸ್ಕೊಂಡು ಬರ್ತಾಳೆ."

"ಸೋಮವಾರ ಮಕ್ಕಳು ಬರ್ತಾರಲ್ಲ ರೀ."

"ಹಾಲಲ್ಲಿ ಕೂರಿಸ್ಕೋ."

"ಹಾಲಲ್ಲಿ ಎಲ್ಲಿ ಜಾಗ ಇದೆ? ನಿಮ್ಮ ಸ್ಕೂಟರ್ ಮೇಲೆ ಕೂರಿಸ್ಲಾ?"

"ಹಾಗಾದ್ರೆ ಒಂದು ವರ್ಷ ತಡಿ. ಏನೀಗ ಅರ್ಜೆಂಟು? ನಾಲ್ಕು ವರ್ಷ ಸುಮ್ನಿದ್ದೆ, ಇನ್ನೊಂದು ವರ್ಷಕ್ಕೆ ಏನಾಗುತ್ತೆ?"

ಸುಮ್ಮನಿದ್ದೆ. ಹಿತ್ತಿಲ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕುಳಿತು ಮಂಡಿ ಸವೆಸಿಕೊಂಡ ನಾಲ್ಕು ವರ್ಷಕ್ಕೆ ಇವನು ಇಟ್ಟ ಹೆಸರು ಇದು. ಒಳಗೆ ಹೋಗಿ ಹಂಸಾಗೆ ಇಲ್ಲವೆಂದು ಹೇಳಲು ಫೋನು ಎತ್ತಿಕೊಂಡಳು. ಹೇಳಲಿಲ್ಲ. ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟಳು.

ಶನಿವಾರ ಪ್ರಮೋದ್ ಬೀದಿಯ ಮೂವರನ್ನು ಕರೆದು ಮಂಚವನ್ನು ಹಿಂದಿನ ರೂಮಿಗೆ ಸಾಗಿಸಿದ. ಇಂದ್ರಾಣಿ ತೊಳೆದು ಸುಣ್ಣ ಹೊಡೆಸಿದ್ದ ರೂಮಿನ ಅರ್ಧಕ್ಕಿಂತ ಹೆಚ್ಚನ್ನು ಅದು ನುಂಗಿತು. ಕಪ್ಪು ಹಲಗೆ ನೇತುಹಾಕಲು ಅವಳು ಹೊಡೆಸಿದ್ದ ಎರಡು ಮೊಳೆಗಳಲ್ಲಿ ಒಂದನ್ನು ಫೋಟೋಗೆ ಇರಲೆಂದು ಪ್ರಮೋದ್ ಅಲ್ಲಾಡಿಸಿ ನೋಡಿದ.

ಭಾನುವಾರ ಹನ್ನೊಂದಕ್ಕೆ ವಾರಿಜಾ ಬಂದಳು. ಕೈಯಲ್ಲಿ ಮೊಳ ಮೊಳ ಮಲ್ಲಿಗೆ, ಗಾಜು ಹಾಕಿಸಿದ ಗೋವಿಂದಮ್ಮನ ದೊಡ್ಡ ಫೋಟೋ. ರೂಮಿನ ಹೊಸಿಲಲ್ಲೇ ನಿಂತು ಎದೆಗೆ ಕೈಯಿಟ್ಟುಕೊಂಡು, "ಅಯ್ಯೋ ದೇವರೇ," ಎಂದಳು. ಆಮೇಲೆ ಬಂದು ಗಿಳಿಗಳನ್ನು ಸವರಿದಳು, ಹಲಗೆಗೆ ಕೆನ್ನೆಯಿಟ್ಟಳು, ಕಣ್ಣೀರು ಹಾಕಿದಳು. ಅತ್ತೆ ಬದುಕಿದ್ದಾಗ ಅದೇ ಮಂಚದ ಅಂಚಿನಲ್ಲಿ ಅವಳು ಒಮ್ಮೆಯೂ ಕೂತವಳಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲ ಹತ್ತಿರ ಗಾಳಿಗೆ ಎಳೆದುಕೊಳ್ಳುತ್ತಿದ್ದಳು.

"ಕೊನೇ ಕೋಟು ನಿನ್ನ ಮುಂದೆನೇ ಹಾಕೋಣ ಅಂತ ಉಳಿಸಿದೀನಿ ಅಕ್ಕ," ಎಂದ ಪ್ರಮೋದ್. ಬಟ್ಟೆಯ ಗಂಟು ತಂದು ಅವಳ ಮುಂದೆ ಬಿಚ್ಚಿದ. "ಇದೂ ಅಮ್ಮನ ಸೀರೆಗಳೇ. ಈ ತಿಳಿನೀಲಿ ನೆನಪಿದ್ಯಾ?"

"ನೆನಪಿಲ್ದೆ ಏನೋ? ನನ್ನ ಬಾಣಂತನದಲ್ಲಿ ಉಡ್ತಿದ್ದದ್ದು." ವಾರಿಜಾ ಆ ನೀಲಿ ಚೌಕವನ್ನು ಬಿಡಿಸಿ ಎರಡೂ ಕೈಯಿಂದ ಮುಖಕ್ಕೆ ಒತ್ತಿಕೊಂಡಳು. ಮೂಗು, ಬಾಯಿ, ಕಣ್ಣು ಎಲ್ಲವೂ ಅದರಲ್ಲಿ ಮುಳುಗಿತು. "ಇನ್ನೂ ಅಮ್ಮನ ವಾಸನೆ ಇದೆ ಕಣೋ," ಎಂದು ಅದರೊಳಗಿಂದಲೇ ಬಿಕ್ಕಿದಳು.

ಕಾಫಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಇಂದ್ರಾಣಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಇದೊಂದು ಹೊತ್ತು ಕಳೆದುಹೋಗಲಿ ಎಂದುಕೊಂಡಳು. ಕಳೆದೇ ಹೋಗುತ್ತಿತ್ತೇನೋ. ಆದರೆ ವಾರಿಜಾ ಮೂಗೊರೆಸಿಕೊಂಡು ತಮ್ಮನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಇಂದ್ರಾಣಿಯ ಕಡೆಗೆ ತೋರಿಸಿದಳು.

"ನೋಡೇ, ಗುಳ್ಳೆ ಎದ್ದಿದೆ. ಅಮ್ಮನಿಗೋಸ್ಕರ. ಗಂಡುಮಗ ಆಗಿ ಇಷ್ಟು ಸೇವೆ ಮಾಡ್ತಾನಲ್ಲ, ಈ ರೂಮಲ್ಲಿ ಟ್ಯೂಷನ್ನು ಗೀಷನ್ನು ಅಂತ ಮಕ್ಕಳನ್ನ ತುಂಬಬೇಡಮ್ಮ. ಸ್ವಲ್ಪ ನೀನೂ ಅವನ ಮನಸ್ಸು ಅರ್ಥ ಮಾಡ್ಕೋ."

ಇಂದ್ರಾಣಿ ಟ್ರೇಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅವಳ ದನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು.

"ಅಕ್ಕ, ನಿಮ್ಮ ಕೈಯಲ್ಲಿರೋದು ಏನು ಅಂತ ಗೊತ್ತಾ?"

"ಅಮ್ಮನ ಸೀರೆ."

"ಸೀರೆನೇ. ಹರಿದು ಅವರ ಕೆಳಗೆ ಹಾಕ್ತಿದ್ದದ್ದು. ಉಚ್ಚೆ, ಕಕ್ಕ ಎಲ್ಲಾ ಅದರಲ್ಲೇ. ದಿನಕ್ಕೆ ಎಂಟು. ಹೊಟ್ಟೆ ಕೆಟ್ಟಾಗ ಹದಿನೈದು. ನೀವು ಬರೋ ದಿನ ಬಚ್ಚಿಡು ಅಂತಿದ್ರು, ಬಚ್ಚಿಡ್ತಿದ್ದೆ. ನಾಲ್ಕು ವರ್ಷ ದಿನಾ ತೊಳೆದಿದೀನಿ. ಅದಕ್ಕೇ ಅಷ್ಟು ಮೆತ್ತಗಿದೆ."

ವಾರಿಜಾಳ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನೀಲಿ ಬಟ್ಟೆ ಮಂಚದ ಮೇಲೆ ಬಿತ್ತು. ಅವಳು ತುಟಿಗಳನ್ನು ಒಳಕ್ಕೆ ಎಳೆದುಕೊಂಡು, ಮುಖವನ್ನು ತನ್ನಿಂದಲೇ ದೂರ ಹಿಡಿದವಳಂತೆ ಕತ್ತು ಚಾಚಿ, ಬಚ್ಚಲಿಗೆ ಓಡಿದಳು. ನಲ್ಲಿ ತಿರುಗಿಸಿದ ಸದ್ದು, ಓಕರಿಕೆ, ಸೋಪು ಜಾರಿ ಬಿದ್ದ ಸದ್ದು, ಮತ್ತೆ ಓಕರಿಕೆ.

ಪ್ರಮೋದ್ ತನ್ನ ಕೈಗಳನ್ನೇ ನೋಡುತ್ತಿದ್ದ. "ನೀನು... ನಂಗೆ ಯಾಕೆ ಹೇಳ್ಲಿಲ್ಲ?" ಎಂದ. ಉತ್ತರಕ್ಕೆ ಕಾಯಲಿಲ್ಲ. ಹತ್ತು ದಿನ ಬೆವರೊರೆಸಿಕೊಂಡದ್ದು ಅವನಿಗೆ ನೆನಪಾಗಿರಬೇಕು. ಬಾಯಿಗೆ ಮುಂಗೈ ಅಡ್ಡ ಹಿಡಿದುಕೊಂಡು ಅವನೂ ಬಚ್ಚಲ ಕಡೆ ನಡೆದ. ಅಕ್ಕ ಒಳಗೆ ಮುಖ ತಿಕ್ಕುತ್ತಿದ್ದಳು, ತಮ್ಮ ಬಾಗಿಲ ಹೊರಗೆ ಕೈಗಳನ್ನು ಮೈಗೆ ತಾಗದಂತೆ ಚಾಚಿ ನಿಂತು, "ಬೇಗ ಬಾ ಅಕ್ಕ, ಸೋಪು ಕೊಡು," ಎಂದು ಗೋಗರೆಯುತ್ತಿದ್ದ. ಎಷ್ಟೋ ಸಲ ಕುದಿಸಿ ಒಣಗಿಸಿದ ಬಟ್ಟೆ. ಅವರ ತಾಯಿಯದು. ಇಂದ್ರಾಣಿ ಅವರಿಬ್ಬರ ಬೆನ್ನು ನೋಡುತ್ತ ಥೂ ಎಂದುಕೊಂಡಳು.

ಆದರೆ ಆ ಥೂ ಅವರ ಹತ್ತಿರವೇ ನಿಲ್ಲಲಿಲ್ಲ. ರೂಮಿನಲ್ಲಿ ಒಬ್ಬಳೇ ಉಳಿದಾಗ ಅವಳಿಗೆ ಬೇರೊಂದು ಹೇಸಿಗೆ ಶುರುವಾಯಿತು. ಇದು ಯಾವ ಸಂದಿಯಿಂದಲೂ ಕೆರೆದು ತೆಗೆಯುವಂಥದ್ದಲ್ಲ. ಮುಖ ಮುಚ್ಚಿಕೊಂಡು ಬೇಡಿಕೊಂಡವರ ಸೆರಗನ್ನು, ಅವರು ಸತ್ತ ಮೇಲೆ, ಅವರ ಮಕ್ಕಳ ಮುಂದೆಯೇ ಎಳೆದುಹಾಕಿದ್ದಳು. ಅದೂ ಒಂದು ರೂಮಿಗಾಗಿ. ಗಾಜಿನೊಳಗಿನ ಗೋವಿಂದಮ್ಮ ಗೋಡೆಗೆ ಒರಗಿ ಎಂದಿನಂತೆ ಬಿಗಿದ ತುಟಿಯಲ್ಲಿ ಕುಳಿತಿದ್ದರು. ಇಂದ್ರಾಣಿ ಅವರ ಮುಖ ನೋಡಲಾರದೆ ನೆಲಕ್ಕೆ ಬಿದ್ದಿದ್ದ ಮಲ್ಲಿಗೆಯನ್ನು ಎತ್ತಿ ಫೋಟೋದ ಮುಂದಿಟ್ಟು, ಬಟ್ಟೆಗಳನ್ನೆಲ್ಲ ಒಟ್ಟುಮಾಡಿ ನಾಲ್ಕು ಮಡಿಕೆ ಹಾಕಿದಳು.

ವಾರಿಜಾ ಕಾಫಿ ಮುಟ್ಟಲಿಲ್ಲ, ಮತ್ತೆ ರೂಮಿಗೂ ಬರಲಿಲ್ಲ. ಕೆಂಪಾಗುವಂತೆ ತಿಕ್ಕಿದ ಮುಖದಲ್ಲಿ, "ಮಗಳು ಕಾಯ್ತಿರ್ತಾಳೆ," ಎಂದು ಯಾರ ಮುಖವನ್ನೂ ನೋಡದೆ ಹೊರಟುಬಿಟ್ಟಳು. ತಂದ ಫೋಟೋವನ್ನು ಗೋಡೆಗೆ ಹಾಕಿಸುವುದೂ ಅವಳಿಗೆ ಮರೆತಿತ್ತು.

ಪ್ರಮೋದ್ ಆ ದಿನ ಮೂರು ಸಲ ಸ್ನಾನ ಮಾಡಿದ. ಸಂಜೆ ಟಿ.ವಿ.ಯ ಕಡೆ ಮುಖ ಮಾಡಿಕೊಂಡೇ, "ಆ ಹುಡುಗಿ ನಂಬರ್ ಇದ್ಯಾ?" ಎಂದು ಕೇಳಿದ.

"ಇದೆ."

"ಬಂದು ತಗೊಂಡು ಹೋಗ್ಲಿ. ನಾನು ಮನೇಲಿ ಇಲ್ದೇ ಇರೋವಾಗ ಬರೋಕ್ಕೆ ಹೇಳು. ಆಮೇಲೆ ಆ ರೂಮು ಒಂದು ಸಲ ಚೆನ್ನಾಗಿ ತೊಳೆಸಿಬಿಡು."

ಅಮ್ಮನ ಮಂಚ ಎನ್ನಲಿಲ್ಲ. ಪುನಃ ಅದು ಬರೀ ಮಂಚವಾಗಿತ್ತು. ಇಂದ್ರಾಣಿಗೆ ಬೇಕಾದದ್ದು ಸಿಕ್ಕಿತು. ಹಿಗ್ಗಬೇಕಾಗಿತ್ತು. ಬಾಯಲ್ಲಿ ಮಾತ್ರ ಪಿತ್ತ ಬಂದಂಥ ಕಹಿ ಇತ್ತು, ಮೂರು ಲೋಟ ನೀರು ಕುಡಿದರೂ ಹೋಗಲಿಲ್ಲ.

ಸೋಮವಾರ ಹತ್ತೂವರೆಗೆ ಓಣಿಯಲ್ಲಿ ಟೆಂಪೋ ಬಂದು ನಿಂತಿತು. ಹಂಸಾ ಇಪ್ಪತ್ತೆಂಟರ ಚುರುಕಿನ ಹುಡುಗಿ. ಮಂಚದ ಸುತ್ತ ಎರಡು ಸುತ್ತು ಬಂದು, ಬಗ್ಗಿ ಅಡಿಯನ್ನೂ ನೋಡಿದಳು.

"ಅಡೀಲೂ ಎಷ್ಟು ನೀಟಾಗಿ ಮಾಡಿದೀರ ಆಂಟಿ! ಯಾರೂ ಅಲ್ಲಿ ತಲೆನೇ ಹಾಕಲ್ಲ."

ಅವಳ ಜೊತೆ ಬಂದಿದ್ದ ಇಬ್ಬರು ಮಂಚವನ್ನು ಬಿಚ್ಚಿ, ಗಿಳಿಗಳ ಹಲಗೆಯನ್ನು ಮೊದಲು, ಕಾಲುಗಳನ್ನು ಆಮೇಲೆ, ಕಂಬಳಿ ಸುತ್ತಿ ಹೊರಗೆ ಒಯ್ದರು. ರೂಮು ಒಮ್ಮೆಲೇ ದೊಡ್ಡದಾಯಿತು. ಇಂದ್ರಾಣಿ ಅವರ ಹಿಂದೆಯೇ ಗೇಟಿನವರೆಗೆ ಬಂದಳು.

"ನಮ್ಮಲ್ಲಿ ಒಂದೊಂದು ಹಳೇ ಐಟಮ್ ಪಕ್ಕಾನೂ ಒಂದು ಚಿಕ್ಕ ಕಾರ್ಡ್ ಇಡ್ತೀವಿ ಆಂಟಿ," ಎಂದಳು ಹಂಸಾ, ಫೋನು ತೆ‌ಗೆಯುತ್ತ. "ಇದು ಯಾರದು, ಏನು ಅಂತ. ಗೆಸ್ಟ್‌ಗಳಿಗೆ ಅದು ತುಂಬಾ ಇಷ್ಟ. ಯಾರದಿದು?"

"ನಮ್ಮತ್ತೇದು. ಗೋವಿಂದಮ್ಮ ಅಂತ. ಮದುವೇಲಿ ಕೊಟ್ಟಿದ್ದು."

"ಅವರ ಬಗ್ಗೆ ಏನಾದ್ರೂ ಹೇಳಿ. ಒಂದು ಲೈನ್ ಸಾಕು."

ಇಂದ್ರಾಣಿ ಕಬ್ಬಿಣದ ಗೇಟಿನ ಚಿಲಕ ಹಿಡಿದುಕೊಂಡಳು. ಟೆಂಪೋದವನು ಹಗ್ಗ ಬಿಗಿಯುತ್ತಿದ್ದ. ಎದುರುಮನೆಯ ಅಂಕಲ್ ಪೇಪರ್ ಕೆಳಗಿಳಿಸಿ ಇತ್ತಲೇ ನೋಡುತ್ತಿದ್ದರು.

"ತುಂಬಾ ಕ್ಲೀನು ಅವರು," ಎಂದಳು, ಅಂಕಲ್ಲಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಕೊನೇ ದಿನದವರೆಗೂ. ನಾಲ್ಕು ವರ್ಷ ಮಲಗಿದ್ರು, ಒಂದು ದಿನ ಒಂದು ಚೂರು ವಾಸನೆ ಅಂತ ಇರಲಿಲ್ಲ."

"ವಾವ್," ಎಂದು ಹಂಸಾ ಎರಡೂ ಹೆಬ್ಬೆರಳಿನಿಂದ ಬರೆದುಕೊಳ್ಳತೊಡಗಿದಳು. ಅವಳು ಪೂರ್ತಿ ಬರೆದು ಮುಗಿಸುವವರೆಗೂ ಇಂದ್ರಾಣಿ ಅಲ್ಲೇ ನಿಂತು ಆ ಬೆರಳುಗಳನ್ನು ನೋಡುತ್ತಿದ್ದಳು.